ಕೈತುತ್ತು

ಲಕ್ವ ಹೊಡೆದು ಗಂಡ ಶೇಷಪ್ಪನ ಬಲಗೈ ಸ್ವಾಧೀನ ತಪ್ಪಿದಂದಿನಿಂದ ಕಮಲಾಕ್ಷಿಯೇ ಅವನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು. ಮೂರು ವರ್ಷ. ತುತ್ತು ತಡವಾದರೆ ಅವನು ಎಡಗೈಯಿಂದ ತಟ್ಟೆಯನ್ನೇ ತಳ್ಳಿಬಿಡುತ್ತಿದ್ದ. ಅವನನ್ನು ಎತ್ತಿ ಕೂರಿಸಿ ಕೂರಿಸಿ ಅವಳಿಗೆ ಸೊಂಟನೋವು ಹಿಡಿದುಕೊಂಡಾಗ ಮಗಳು ಹಠ ಮಾಡಿ, ಅವನನ್ನು ಹತ್ತು ದಿನದ ಮಟ್ಟಿಗೆ ಆರೈಕೆ ಕೇಂದ್ರಕ್ಕೆ ಸೇರಿಸಿದಳು.

"ಅಷ್ಟು ದಿನ ಸುಮ್ನೆ ಮಲಗಮ್ಮ," ಎಂದಿದ್ದಳು.

ಮಲಗಿದರೆ ನಿದ್ದೆ ಬರಲಿಲ್ಲ. ಅಲ್ಲಿ ಯಾರು ತಿನ್ನಿಸುತ್ತಾರೋ ಎಂದು ಕೊರಗಿ, ಐದನೆಯ ದಿನವೇ ಕರೆತರಲು ಆಟೊ ಮಾಡಿಕೊಂಡು ಹೋದಳು.

ಊಟದ ಕೋಣೆಯಲ್ಲಿ ಶೇಷಪ್ಪ ಬಲಗೈಯಲ್ಲೇ ಸಾರನ್ನ ಕಲಸಿ ಉಣ್ಣುತ್ತಿದ್ದ. ಹೆಂಡತಿಯನ್ನು ಕಂಡದ್ದೇ ಕೈಯನ್ನು ತೊಡೆಯ ಮೇಲೆ ಜೋಲುಬಿಟ್ಟ.

"ಯಾವಾಗಿಂದ?" ಎಂದಳು ಕಮಲಾಕ್ಷಿ.

ಬಡಿಸುತ್ತಿದ್ದ ಆಯಾ ನಕ್ಕಳು. "ಇಲ್ಲಿ ಯಾರೂ ತಿನ್ನಿಸಲ್ಲ ಅಂದ್ವಿ, ಬಂದ ದಿನಾನೇ ಉಂಡ್ರಮ್ಮ. ನೀವು ಅಂಗಡಿಗೆ ಹೋದಾಗೆಲ್ಲ ಬಲಗೈಲೇ ಡಬ್ಬ ತೆಗೆದು ನಿಪ್ಪಟ್ಟು ತಿಂತಿದ್ರಂತೆ, ಒಂದು ವರ್ಷದಿಂದ. ಅವರೇ ಹೇಳಿದ್ರು."

"ಕೈ ಆಡ್ತಿದ್ರೂ ನನ್ ಕೈಲಿ ತಿನ್ನಿಸ್ಕೊಂಡ್ರಾ?"

"ಮಾಡೋಕೆ ನೀನಿದ್ದೆಯಲ್ಲ," ಎಂದ ಶೇಷಪ್ಪ. "ನಡಿ ಮನೆಗೆ. ಇಲ್ಲಿ ಸಾರಿಗೆ ಉಪ್ಪೇ ಇಲ್ಲ."

ಆ ತಟ್ಟೆಯನ್ನು ಎತ್ತಿ ಅವನ ಮುಖಕ್ಕೆ ಬಿಸಾಡಬೇಕೆನ್ನಿಸಿತು ಅವಳಿಗೆ. ಸೆರಗನ್ನು ಸೊಂಟಕ್ಕೆ ಬಿಗಿದು ಆಯಾಳ ಕಡೆಗೆ ತಿರುಗಿದಳು.

"ಇನ್ನೂ ಐದು ದಿನ ಇದೆಯಲ್ಲ, ಅಷ್ಟರಲ್ಲಿ ಇವರಿಗೆ ಅಡುಗೆ ಕಲಿಸಿಬಿಡಿ."