ಎಣ್ಣೆ ಕುಡಿದ ಮರ

ಹಸೆಮಣೆಗೆ ಹರಳೆಣ್ಣೆ ತಿಕ್ಕುತ್ತಲೇ ಗಿರಿಜಾದೇವಿ, “ಅಂಬಿಗರ ಸೋಮಣ್ಣನ ದೋಣಿ ನಾನೇ ತಗೋತೀನಿ,” ಎಂದರು.

ಮಗಳು ಐಶ್ವರ್ಯ ನಕ್ಕಳು. “ಕುಮಾರಸ್ವಾಮಿ ಲೇಔಟಲ್ಲಿ ಸ್ಕೂಟರ್ ನಿಲ್ಸೋಕೇ ಜಾಗ ಇಲ್ಲ. ದೋಣೀನ ಟೆರೇಸ್ ಮೇಲೆ ಇಡ್ತೀಯಾ?”

“ಅದು ನಮ್ಮೂರ ಹೊಳೇಲೇ ಇರುತ್ತೆ ಕಣೇ, ಸೋಮಣ್ಣನೇ ನಡೆಸ್ತಾನೆ. ಇಲ್ದಿದ್ರೆ ರೆಸಾರ್ಟಿನವರು ತಗೊಂಡು, ಮಣ್ಣು ತುಂಬಿ ಹೂಗಿಡ ನೆಡ್ತಾರಂತೆ. ಮದುವೇಲಿ ಈ ಮಣೆ ಸಮೇತ ನಾನು ಹೊಳೆ ದಾಟಿದ್ದು ಅದ್ರಲ್ಲೇ.”

“ಹಳೇ ಮರ ಅಮ್ಮ. ವರ್ಷಾ ವರ್ಷಾ ದಡಕ್ಕೆಳೆದು ಸಂದಿಗೆ ನಾರು ತುಂಬಬೇಕು, ಎಣ್ಣೆ ಕುಡಿಸ್ಬೇಕು. ಯಾಕೆ ಈ ಉಸಾಬರಿ?”

ಗಿರಿಜಾದೇವಿ ಮಣೆಯನ್ನು ಮಗಳ ಮುಂದಿಟ್ಟರು. ಪ್ರತಿ ಯುಗಾದಿಗೂ ಎಣ್ಣೆ ಕುಡಿದ ಮರದಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಐಶ್ವರ್ಯ ಅದರ ಮೇಲೆ ಕೈಯಾಡಿಸಿದಳು.

“ದೋಣಿಗೆ ಎಣ್ಣೆ ಹಚ್ಚೋಕೂ ನನ್ನನ್ನೇ ಎಳ್ಕೊಂಡು ಹೋಗ್ತೀಯ, ಗೊತ್ತು,” ಎಂದಳು ಕೊನೆಗೆ.

“ಮತ್ತೆ? ಪಕ್ಕದ್ಮನೆಯವರನ್ನ ಕರೀಲಾ?”

ಕಿವಿ ಕೇಳದ ಸೋಮಣ್ಣನಿಗೆ ದೋಣಿ ತನಗೇ ಕೊಡೆಂದು ಸಂಕ್ರಾಂತಿಯಲ್ಲೇ ಬರೆದು, ಧೈರ್ಯ ಸಾಲದೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಕಾಗದವನ್ನು ಗಿರಿಜಾದೇವಿ ಎಣ್ಣೆಗೈಯಲ್ಲೇ ಎಳೆದುಕೊಂಡು ಚಪ್ಪಲಿ ಮೆಟ್ಟಿದರು. ರಸ್ತೆ ಮೂಲೆಯ ಅಂಚೆ ಡಬ್ಬಿಯ ಬಾಯಲ್ಲಿ, ಐದು ಬೆರಳೂ ಮೂಡಿದ ಲಕೋಟೆ ಒಂದು ಕ್ಷಣ ಸಿಕ್ಕಿಕೊಂಡಿತು. ಅವರು ಅದನ್ನು ಒಳಕ್ಕೆ ನೂಕಿದರು.