ಮೂತಿ ಬಾಗಿದರೆ

ಹಾರುವುದಕ್ಕೂ ಕೊಲ್ಲುವುದಕ್ಕೂ ಆ ಯುದ್ಧವಿಮಾನಗಳಿಗೆ ಇದ್ದದ್ದು ಒಂದೇ ಬ್ಯಾಟರಿ. ಲೇಸರ್ ಗನ್ನಿಗೆ ಕರೆಂಟ್ ತಿರುಗಿಸಿದ ಕೂಡಲೇ ಫ್ಯಾನುಗಳು ಸೊರಗಿ, ವಿಮಾನದ ಮೂತಿ ಕೆಳಗೆ ಬಾಗುತ್ತಿತ್ತು. ಎದುರಿನವನ ಮೂತಿ ಬಾಗಿತೆಂದರೆ, ಅವನು ಹೊಡೆಯುವ ಮೊದಲು ನೀನು ಹೊಡೆ. ಎರಡೂ ದೇಶಗಳ ಪೈಲಟ್‌ಗಳಿಗೆ ಕಲಿಸುತ್ತಿದ್ದ ಮೊದಲ ಪಾಠ ಇದೇ.

ಬೆಟ್ಟಸಾಲಿನ ಮೇಲೆ ಎರಡು ಶತ್ರುವಿಮಾನಗಳು ಎದುರಾದಾಗ ಪೈಲಟ್ ದೇಚಮ್ಮನ ವಿಮಾನದ ಬ್ಯಾಟರಿ ತಳ ಕಂಡಿತ್ತು.

"ಒಂದು ಸಲ ಹೊಡೆದ್ರೂ ಮನೆಗೆ ಹೋಗೋಕೆ ಚಾರ್ಜ್ ಉಳಿಯಲ್ಲ, ಶಾಂತವೀರ."

ಹಿಂದಿನ ಸೀಟಿನಲ್ಲಿ ಗನ್ ನೋಡಿಕೊಳ್ಳುತ್ತಿದ್ದ ಶಾಂತವೀರ, "ಅವರೂ ಸುಮ್ನಿದ್ದಾರಲ್ಲ ಮೇಡಂ. ತಿರುಗಿಸ್ಬಿಡಿ, ಹೋಗೋಣ" ಎಂದ.

ಅವಳು ವಿಮಾನ ತಿರುಗಿಸುವಷ್ಟರಲ್ಲಿ ಮುಂದಿದ್ದ ವಿಮಾನದ ಮೂತಿ ಬಾಗಿತು.

"ಬಾಗ್ತು! ಹೊಡಿ!"

"ಕರೆಂಟ್ ಕೊಡಿ ಮೇಡಂ!"

ಕೊಟ್ಟಳು. ಆ ವಿಮಾನ ಉರಿಯುತ್ತ ಅವರ ಪಕ್ಕದಲ್ಲೇ ಉದುರಿತು.

ಶಾಂತವೀರನ ದನಿ ಸಣ್ಣಗಾಯಿತು. "ಅವನ ಗನ್ನಿನ ಮುಚ್ಚಳ ತೆರೆದೇ ಇರ್ಲಿಲ್ಲ, ಮೇಡಂ."

"ಮತ್ಯಾಕೆ ಬಾಗಿದ?"

"ಬ್ಯಾಟರಿ ಖಾಲಿಯಾಗಿತ್ತು ಅನ್ಸುತ್ತೆ. ಇಳೀತಿದ್ದ, ಪಾಪ."

"ಇನ್ನೊಬ್ಬ?"

"ಹೊಡೀತಿಲ್ಲ. ಅವನಿಗೂ ಮನೆ ಸೇರಿದ್ರೆ ಸಾಕಾಗಿರ್ಬೇಕು. ನಾವು ಸುಮ್ನಿದ್ರೆ ಅವನೂ ಸುಮ್ನೆ ಹೋಗ್ತಾನೆ."

ದೇಚಮ್ಮ ಮೀಟರಿನತ್ತ ನೋಡಿದಳು. ಬ್ಯಾಟರಿಯ ಮುಳ್ಳು ಸೊನ್ನೆ ಮುಟ್ಟಿತ್ತು. ಫ್ಯಾನುಗಳ ಸದ್ದು ಒಂದೊಂದಾಗಿ ಅಡಗಿತು. ಆ ಇನ್ನೊಬ್ಬನ ಕಣ್ಣೆದುರೇ ಅವಳ ವಿಮಾನದ ಮೂತಿ ಮೆಲ್ಲಗೆ ಬಾಗತೊಡಗಿತು.