ಮಾತು ಕೇಳುವ ಟಿವಿ

ಅಂದು ಒಂದು ಮನೆತನದ ಮಾನ ಅಗ್ಗದ ಸ್ಮಾರ್ಟ್ ಟಿವಿಯೊಂದರ ಆಯ್ಕೆಯ ಮೇಲೆ ನಿಂತಿತ್ತು. ಯಾವ ಚಾನೆಲ್ ಹಾಕಬೇಕೆಂದು ಕಿತ್ತಾಡಿಯೇ ಅಣ್ಣತಮ್ಮಂದಿರು ಪಾಲಾಗಿ, ನಡುಮನೆಗೆ ಅಡ್ಡಲಾಗಿ ಹಲಗೆ ಹೊಡೆಸಿದ್ದರು.

“ಇನ್ನು ಈ ಜನ್ಮದಲ್ಲಿ ಅವನು ಹಾಕಿದ್ದನ್ನ ನಾನು ನೋಡಕ್ಕಿಲ್ಲ!” ಎಂದು ಅಣ್ಣ ಮರಿಗೌಡರು ಅಂಗಡಿಯಲ್ಲಿ ಹಲ್ಲು ಕಡಿದರು.

“ಇದನ್ನ ತಕ್ಕಳಿ ಗೌಡ್ರೇ. ಬೆಲೆ ಕಮ್ಮಿ, ರಿಮೋಟೂ ಬ್ಯಾಡ. ಕುಂತಲ್ಲಿಂದ ಕೂಗಿ ಹೇಳಿದ್ರೆ ಕೇಳ್ತದೆ. ನಿನ್ನೆ ನಿಮ್ಮ ತಮ್ಮನೋರೂ ಇದನ್ನೇ ಒಯ್ದರು,” ಎಂದ ಅಂಗಡಿಯವನು.

“ಅವನು ಒಯ್ದನಾ? ನನಗೂ ಅದೇ ಕಟ್ಟು. ನಾನೇನು ಅವನಿಗಿಂತ ಕಮ್ಮೀನಾ?”

ಸಂಜೆ ಗೌಡರು ಹೊಸ ಟಿವಿಯ ಮುಂದೆ ಕಾಲು ಚಾಚಿ, ನೆಮ್ಮದಿಯಾಗಿ ವಾರ್ತೆ ನೋಡುತ್ತಿದ್ದರು.

ಹಲಗೆಯ ಆಚೆಯಿಂದ ತಮ್ಮ ತನ್ನ ಟಿವಿಗೆ ಗದರಿದ: “ಏ ಟಿವಿ, ಕುಸ್ತಿ ಹಾಕು!”

ಅಣ್ಣನ ಟಿವಿಯೂ ಕುಸ್ತಿ ಹಾಕಿತು.